ಸ್ಪೇನ್ ಚೌಕದ ಅರಮನೆ: ಉರ್ಬಾನೊ ಕಾಲೇಜಿನ ನಾಲ್ಕು ಶತಮಾನ

2027ರ ಆಗಸ್ಟ್ 1ಕ್ಕೆ ರೋಮಿನ ಉರ್ಬಾನೊ ಕಾಲೇಜಿಗೆ ನಾನೂರು ವರ್ಷ ತುಂಬುತ್ತದೆ. ಇಂದು ಕಾಲೇಜು ಜಾನಿಕೊಲೊ ಗುಡ್ಡದ ಮೇಲಿದೆ. ಅದರ ಬಾಳಿನ ಮೊದಲ ಮುನ್ನೂರು ವರ್ಷ ಕಳೆದದ್ದು ಊರಿನ ನಡುವೆ, ಸ್ಪೇನ್ ಚೌಕದ ದಕ್ಷಿಣ ತುದಿಯ ಪ್ರೊಪಗಾಂಡ ಫೀದೆ ಅರಮನೆಯಲ್ಲಿ. ಹದಿನೇಳನೆಯ ಶತಮಾನದ ರೋಮಿನಲ್ಲಿ ಅರಮನೆ ಕಟ್ಟಿಸಿದವರಲ್ಲಿ ಹೆಚ್ಚಿನವರು ಪೋಪರ ಮನೆತನದವರು, ಕಾರ್ಡಿನಲ್ಲರು, ಹಣವಂತ ಶ್ರೀಮಂತರು. ಈ ಅರಮನೆಯಾದರೋ ಎಥಿಯೋಪಿಯ, ಜಾರ್ಜಿಯ, ಅರ್ಮೇನಿಯ, ಸಿರಿಯ, ಐರ್ಲೆಂಡ್, ಭಾರತಗಳಿಂದ ಬರುವ ಹುಡುಗರು ಉಂಡು, ಮಲಗಿ, ಓದಿ, ಗುರುದೀಕ್ಷೆ ಪಡೆದು ತಮ್ಮ ನಾಡಿಗೆ ಮರಳಲೆಂದು ಎದ್ದಿತು. ಆ ಕಾಲದ ಇಬ್ಬರು ಅತಿದೊಡ್ಡ ವಾಸ್ತುಶಿಲ್ಪಿಗಳು ಒಬ್ಬರ ಬೆನ್ನಿಗೊಬ್ಬರು ಇದಕ್ಕೆ ಕೈಹಾಕಿದರು. ಕಟ್ಟಡ ಮುಗಿಯಲು ನಲವತ್ತು ವರ್ಷ ಸಾಕಾಯಿತು. ಆಯಾ ನಾಡಿನವರೇ ತಮ್ಮ ಧರ್ಮಸಭೆಯನ್ನು ನಡೆಸಬೇಕೆಂಬ, ಕಟ್ಟಿಸಿದವರ ಮನಸ್ಸಿನ ಉದ್ದೇಶ ಕೈಗೂಡಲು ಮುನ್ನೂರು ವರ್ಷ ಹಿಡಿಯಿತು.

1622–1627: ಹಬ್ಬದ ದಿನ ಕೂಡಿದ ಸಭೆ

1622ರ ಜನವರಿ 6, ಮೂವರು ರಾಯರ ಹಬ್ಬ. ಪೂರ್ವದೇಶದಿಂದ ನಕ್ಷತ್ರದ ಬೆನ್ನುಹತ್ತಿ ಬಂದ ಜ್ಞಾನಿಗಳು ಬಾಲಯೇಸುವಿಗೆ ಕಾಣಿಕೆ ಅರ್ಪಿಸಿದ್ದನ್ನು ನೆನೆಯುವ ಆ ದಿನವೇ ಪೋಪ್ ಹದಿನೈದನೆಯ ಗ್ರೆಗೊರಿ ಅವರು ಧರ್ಮಪ್ರಸಾರದ ಪವಿತ್ರ ಸಭೆಯನ್ನು, ಅಂದರೆ ಪ್ರೊಪಗಾಂಡ ಫೀದೆಯನ್ನು, ಸ್ಥಾಪಿಸಿದರು. ಸ್ಥಾಪನಾಪತ್ರ ಹೊರಬಿದ್ದದ್ದು ಜೂನ್ 22ರಂದು. ಮುಂದೆ ಕಾಲೇಜಿನ ಗುಡಿಯನ್ನು ಆ ಮೂವರು ರಾಯರಿಗೇ ಅರ್ಪಿಸಿದ್ದರ ಹಿನ್ನೆಲೆ ಇಷ್ಟೇ.

ಇಂಥದೊಂದು ಸಭೆ ಏಕೆ ಬೇಕಾಯಿತು? ಅಲ್ಲಿಯವರೆಗೆ ಏಷ್ಯ, ಆಫ್ರಿಕ, ಅಮೆರಿಕಗಳ ಧರ್ಮಕಾರ್ಯ ಬಹುಪಾಲು ಸ್ಪೇನ್ ಮತ್ತು ಪೋರ್ಚುಗಲ್ ದೊರೆಗಳ ಆಶ್ರಯದಲ್ಲಿತ್ತು. ಹಡಗು ಅವರದು, ಖರ್ಚು ಅವರದು, ಧರ್ಮಾಧ್ಯಕ್ಷರನ್ನು ಹೆಸರಿಸುವ ಹಕ್ಕೂ ಅವರದು. ಆ ದೊರೆಗಳ ಕೊಡುಗೆಯನ್ನು ಅಲ್ಲಗಳೆಯುವಂತಿಲ್ಲ. ಗೋವಾದ ಚರ್ಚುಗಳನ್ನು ಕಂಡವರು ಅದನ್ನು ಒಪ್ಪಲೇಬೇಕು. ಆದರೆ ದೊರೆಯ ಕೈ ತಲುಪದ ಊರುಗಳಲ್ಲಿ ಗುರುಗಳ ಕೈಯೂ ತಲುಪುತ್ತಿರಲಿಲ್ಲ. ಹೊಸ ಸಭೆಯ ಮೊದಲ ಕಾರ್ಯದರ್ಶಿ ರಾವೆನ್ನದ ಫ್ರಾಂಚೆಸ್ಕೊ ಇಂಗೊಲಿ. 1649ರಲ್ಲಿ ತೀರಿಕೊಳ್ಳುವವರೆಗೂ ಅದೇ ಹುದ್ದೆಯಲ್ಲಿದ್ದವರು. ಇವರು ಜಗತ್ತಿನ ಮೂಲೆಮೂಲೆಯಿಂದ ವರದಿ ತರಿಸಿಕೊಂಡು, ಓದಿ, ತಾಳೆಹಾಕಿ, ಒಂದು ತೀರ್ಮಾನಕ್ಕೆ ಬಂದರು: ಪರದೇಶಿ ಗುರುಗಳನ್ನು ಕಳಿಸುತ್ತಲೇ ಹೋದರೆ ಸಾಲದು, ಆ ನಾಡಿನ ಮಕ್ಕಳನ್ನೇ ಗುರುಗಳನ್ನಾಗಿ ಮಾಡಬೇಕು. ಇಂಗೊಲಿ ಖಗೋಳದ ವಿಷಯದಲ್ಲಿ ಗೆಲಿಲಿಯೊ ಜೊತೆ ವಾದಕ್ಕಿಳಿದು ತಪ್ಪು ಪಕ್ಷ ಹಿಡಿದಿದ್ದರು ನಿಜ. ಭೂಮಿಯ ಮೇಲಿನ ಸಂಗತಿಯಲ್ಲಿ ಅವರ ಲೆಕ್ಕ ಸರಿಯಾಗಿತ್ತು.

ಹಣಕ್ಕೂ ಒಂದು ದಾರಿ ಹುಡುಕಿದ್ದರು. ಹೊಸದಾಗಿ ಕಾರ್ಡಿನಲ್ ಆದವರು ಉಂಗುರದ ಕಾಣಿಕೆಯಾಗಿ ಕೊಡುತ್ತಿದ್ದ 500 ಸ್ಕೂದಿಯನ್ನು ಪೋಪರು ಈ ಸಭೆಗೆ ಬರೆದುಕೊಟ್ಟರು. ಇನ್ನು ಬೇಕಾಗಿದ್ದದ್ದು ಮನೆ.

ಅದು ಬಂದದ್ದು ವೇಲೆನ್ಸಿಯದ ಹುವಾನ್ ಬಾಪ್ತಿಸ್ತ ವಿವೆಸ್ ಅವರಿಂದ. ರೋಮಿನಲ್ಲಿ ರಾಯಭಾರಿಯಾಗಿದ್ದ ಈ ಸ್ಪ್ಯಾನಿಷ್ ಗುರುಗಳಿಗೆ ಧರ್ಮಪ್ರಚಾರಕರ ಕಾಲೇಜೊಂದನ್ನು ತೆರೆಯುವ ಆಸೆ ಬಹುಕಾಲದಿಂದ ಇತ್ತು. ಹಿಂದೆ ಒಮ್ಮೆ ಪ್ರಯತ್ನಪಟ್ಟು ಕೈಬಿಟ್ಟೂ ಇದ್ದರು. ಸ್ಪೇನ್ ಚೌಕದಲ್ಲಿ ಫೆರಾತಿನಿ ಮನೆತನದವರದಾಗಿದ್ದ ಅರಮನೆ ಅವರ ಕೈಲಿತ್ತು. 1626ರಲ್ಲಿ ಅದನ್ನು ದಾನಮಾಡಿದರು. ಮರುವರ್ಷ ಆಗಸ್ಟ್ 1ರಂದು ಪೋಪ್ ಎಂಟನೆಯ ಉರ್ಬಾನೊ ಕಾಲೇಜನ್ನು ಸ್ಥಾಪಿಸಿ ತಮ್ಮ ಹೆಸರನ್ನೂ ಕೊಟ್ಟರು. ಅದೇ ಹೊತ್ತಿಗೆ ಚೌಕದ ನಡುವೆ ಪಿಯೆತ್ರೊ ಬೆರ್ನಿನಿ ದೋಣಿಯಾಕಾರದ ಕಾರಂಜಿಯ ಕೆಲಸ ಶುರುಮಾಡಿದ್ದ. ಇಂದು ಪ್ರವಾಸಿಗರು ಮುಗಿಬೀಳುವ ಮೆಟ್ಟಿಲುಗಳು ಆಗ ಇರಲಿಲ್ಲ. ಅವು ಬರಲು ಇನ್ನೂ ನೂರು ವರ್ಷ ಬೇಕಿತ್ತು.

1627–1646: ಜೇನುಹುಳುಗಳ ಕಾಲ

ಆರಂಭದಲ್ಲಿ ಕಾಲೇಜಿನ ಉಸ್ತುವಾರಿ ಪ್ರೊಪಗಾಂಡ ಸಭೆಯ ಕೈಯಲ್ಲಿರಲಿಲ್ಲ. ರೋಮಿನ ಮೂರು ಮಹಾದೇವಾಲಯಗಳ ಮೂವರು ಗುರುಗಳಿಗೆ ಅದನ್ನು ವಹಿಸಲಾಗಿತ್ತು. ಒಂದೇ ಮನೆಯಲ್ಲಿ ಎರಡು ಆಡಳಿತ ಇದ್ದಾಗ ಆಗುವುದು ಇಲ್ಲೂ ಆಗಿರಬೇಕು. ಯಾರ ಮಾತು ನಡೆಯಬೇಕೆಂಬ ಬಗ್ಗೆ ಕೆಲವು ವರ್ಷ ಭಿನ್ನಾಭಿಪ್ರಾಯವಿದ್ದು, 1641ರಲ್ಲಿ ಕಾಲೇಜು ಪೂರ್ತಿಯಾಗಿ ಸಭೆಯ ಅಧೀನಕ್ಕೆ ಬಂತು. ಎಲ್ಲರ ಉದ್ದೇಶವೂ ಒಂದೇ ಆಗಿದ್ದರಿಂದ ವಿಷಯ ಅಲ್ಲಿಗೆ ತಣ್ಣಗಾಯಿತು.

ಈ ಎಳೆಯ ಸಂಸ್ಥೆಯನ್ನು ಸಾಕಿದವರು ಪೋಪರ ತಮ್ಮ, ಕಾಪುಚಿನ್ ಸನ್ಯಾಸಿಯಾಗಿದ್ದ ಹಿರಿಯ ಕಾರ್ಡಿನಲ್ ಅಂತೋನಿಯೊ ಬಾರ್ಬೆರಿನಿ. 1637ರಲ್ಲಿ ಅವರು ಹನ್ನೆರಡು ವಿದ್ಯಾರ್ಥಿಗಳ ಖರ್ಚಿಗೆ ದತ್ತಿ ಇಟ್ಟರು. ಜಾರ್ಜಿಯನ್ನರು, ಪರ್ಶಿಯನ್ನರು, ನೆಸ್ಟೋರಿಯನ್ನರು, ಯಾಕೋಬ ಪಂಗಡದವರು, ಮೆಲ್ಕೈತರು, ಕೋಪ್ಟರು ಆ ದತ್ತಿಯ ಹಕ್ಕುದಾರರು. ಹಿಂದೆಯೇ ಇನ್ನೊಂದು ದತ್ತಿ ಬಂತು, ಅದು ಎಥಿಯೋಪಿಯದವರಿಗೂ ಭಾರತೀಯರಿಗೂ. ಇಷ್ಟು ಬಗೆಯ ಜನ ಒಂದೇ ಸೂರಿನಡಿ ಇರುವುದೆಂದರೆ ಹಳೆಯ ಫೆರಾತಿನಿ ಮನೆ ಸಾಲುವಂತಿರಲಿಲ್ಲ. ಅಕ್ಕಪಕ್ಕದ ಮನೆಗಳನ್ನು ಕೊಂಡು, ಕೆಡವಿ, ಸೇರಿಸಿಕೊಳ್ಳುತ್ತ ಹೋದರು. ಮೂರು ಬೀದಿಗಳ ನಡುವಿನ ಇಡೀ ತ್ರಿಕೋನ ಕೊನೆಗೆ ಕಾಲೇಜಿನದಾಯಿತು. ಅಗಲವಾದ ತುದಿ ಒಂದು ಕಡೆ, ಮೊನೆಯಂತೆ ಕಿರಿದಾಗುವ ತುದಿ ಚೌಕದ ಕಡೆ. ಈ ಓರೆಕೋರೆ ನಿವೇಶನವೇ ಮುಂದೆ ವಾಸ್ತುಶಿಲ್ಪಿಗಳಿಗೆ ಸವಾಲಾಗಿ ಕೂತಿತು.

ಮೊದಲು ಕರೆ ಹೋದದ್ದು ಜಾನ್ ಲೊರೆಂಜೊ ಬೆರ್ನಿನಿಗೆ, ಚೌಕದ ಕಾರಂಜಿ ಮಾಡಿದ ಪಿಯೆತ್ರೊನ ಮಗನಿಗೆ. 1634ರಲ್ಲಿ ಅವನು ಇಲ್ಲಿ ಅಂಡಾಕಾರದ ಪುಟ್ಟ ಗುಡಿಯೊಂದನ್ನು ಕಟ್ಟಿದ. ಮೂವರು ರಾಯರ ಆರಾಧನೆಯ ಚಿತ್ರವನ್ನು ಅದಕ್ಕೆ ಬರೆದವನು ಆಗಿನ್ನೂ ಹರೆಯದ ಕಲಾವಿದ ಜಾಚಿಂತೊ ಜಿಮಿನ್ಯಾನಿ. ಆಮೇಲೆ 1640ರ ದಶಕದ ಮೊದಲಲ್ಲಿ ಚೌಕದ ಕಡೆಗಿನ ಮುಖವೂ ಬೆರ್ನಿನಿಯ ಕೈಯಲ್ಲೇ ರೂಪುಗೊಂಡಿತು. ಬದಿಯ ಬೀದಿಯ ಕಟ್ಟಡವನ್ನು ನೋಡಿಕೊಂಡವನು ಗಾಸ್ಪರೆ ದೆ ವೆಕ್ಕಿ.

ಬೆರ್ನಿನಿಯ ಆ ಮುಖವನ್ನು ನೋಡಿದವರಿಗೆ ಇದು ಸಂತ ಪೇತ್ರರ ಮಹಾದೇವಾಲಯದ ಕಂಚಿನ ಮಂಟಪವನ್ನು ಮಾಡಿದವನ ಕೆಲಸವೇ ಎಂದು ಅನುಮಾನ ಬಂದರೆ ತಪ್ಪಿಲ್ಲ. ಇಟ್ಟಿಗೆಗೋಡೆ, ಕಲ್ಲಿನ ಚೌಕಟ್ಟಿನ ಕಿಟಕಿಗಳ ಸಾಲು, ಬಾಗಿಲ ಮೇಲೆ ಬಾರ್ಬೆರಿನಿ ಮನೆತನದ ಮೂರು ಜೇನುಹುಳುಗಳಿರುವ ಪೋಪರ ಲಾಂಛನ. ಅಷ್ಟೇ. ನನಗಂತೂ ಈ ಸಂಯಮ ಇಷ್ಟ. ಇದು ವಿದ್ಯಾರ್ಥಿನಿಲಯ, ಕಚೇರಿ. ದರ್ಪ ತೋರಿಸುವ ಮನೆಯಲ್ಲ ಎಂದು ಬೆರ್ನಿನಿಗೆ ಗೊತ್ತಿತ್ತು. ಖರ್ಚಿನ ಮೇಲೆ ಕಣ್ಣಿಟ್ಟಿದ್ದ ಕಾರ್ಡಿನಲ್ಲರಿಗೂ ಗೊತ್ತಿತ್ತು.

1646–1667: ಬೊರೊಮಿನಿಯ ಇಪ್ಪತ್ತು ವರ್ಷ

1644ರಲ್ಲಿ ಉರ್ಬಾನೊ ತೀರಿಕೊಂಡರು. ಹತ್ತನೆಯ ಇನ್ನೊಸೆಂಟ್ ಪೀಠಕ್ಕೆ ಬಂದರು. ಬಾರ್ಬೆರಿನಿಗಳ ಕಾಲ ಮುಗಿದು, ಅವರ ನೆಚ್ಚಿನ ಬೆರ್ನಿನಿಯೂ ಕೆಲಕಾಲ ಹಿಂದೆ ಸರಿಯಬೇಕಾಯಿತು. 1646ರಲ್ಲಿ ಕಾಲೇಜಿನ ವಾಸ್ತುಶಿಲ್ಪಿಯಾಗಿ ನೇಮಕಗೊಂಡವನು ಫ್ರಾಂಚೆಸ್ಕೊ ಬೊರೊಮಿನಿ.

ಲುಗಾನೊ ಸರೋವರದ ದಂಡೆಯ ಬಿಸ್ಸೊನೆಯಲ್ಲಿ 1599ರಲ್ಲಿ ಹುಟ್ಟಿದ ಬೊರೊಮಿನಿ ಕಲ್ಲುಕುಟಿಗನಾಗಿ ಬದುಕು ಶುರುಮಾಡಿದವನು. ಸಂತ ಪೇತ್ರರ ದೇವಾಲಯದಲ್ಲಿ ಬೆರ್ನಿನಿಯ ಕೈಕೆಳಗೆ ದುಡಿದವನು. ಕಾಲೇಜಿಗೆ ಬರುವ ಹೊತ್ತಿಗೆ ನಾಲ್ಕು ಕಾರಂಜಿಗಳ ಸಾನ್ ಕಾರ್ಲೊ ಚರ್ಚಿನಿಂದ ಹೆಸರಾಗಿದ್ದ. ಇಬ್ಬರ ನಡುವಿನ ಪೈಪೋಟಿಯ ಬಗ್ಗೆ ರೋಮಿನ ಮಾರ್ಗದರ್ಶಿಗಳ ಹತ್ತಿರ ಕತೆಗಳಿಗೆ ಬರವಿಲ್ಲ. ಬೆರ್ನಿನಿಯ ಸ್ವಂತ ಮನೆ ಇದ್ದದ್ದು ಕಾಲೇಜಿನ ಪಕ್ಕದ ಮೆರ್ಚೆದೆ ಬೀದಿಯಲ್ಲಿ. ಅದಕ್ಕೆ ಕಾಣುವಂತೆ ಬೊರೊಮಿನಿ ಕತ್ತೆಕಿವಿಗಳನ್ನು ಕೆತ್ತಿಸಿದನಂತೆ, ಅದಕ್ಕೆ ಬೆರ್ನಿನಿ ಇನ್ನೂ ಖಾರವಾದ ಉತ್ತರ ಕೊಟ್ಟನಂತೆ. ಅಂತೆಕಂತೆಗಳನ್ನು ಈ ಬರಹದ ಹೊರಗಿಡೋಣ. ಕಾಲೇಜಿನ ಮಟ್ಟಿಗೆ ನಿಜವಾದದ್ದು ಇಷ್ಟು: ಬೆರ್ನಿನಿ ಕಟ್ಟಿದ ಅಂಡಾಕಾರದ ಗುಡಿ ಬೆಳೆಯುತ್ತಿದ್ದ ವಿದ್ಯಾರ್ಥಿಸಮೂಹಕ್ಕೆ ಸಾಲದಾಯಿತು, ಏಳನೆಯ ಅಲೆಕ್ಸಾಂಡರ್ ಪೋಪರಾಗಿದ್ದಾಗ ಅದನ್ನು ಕೆಡವಿ ಬೊರೊಮಿನಿ ಅಲ್ಲಿ ಹೊಸದನ್ನು ಕಟ್ಟಿದ. ತನ್ನ ಕಿಟಕಿಯ ಸಮೀಪದಲ್ಲೇ ತನ್ನ ಕೆಲಸ ನೆಲಸಮವಾಗುವುದನ್ನು ಕಂಡ ಬೆರ್ನಿನಿಗೆ ಏನನ್ನಿಸಿತೋ! ಆದರೆ ಅದೇ ವರ್ಷಗಳಲ್ಲಿ ಅವನು ಕ್ವಿರಿನಾಲೆ ಗುಡ್ಡದ ಮೇಲೆ ಇನ್ನೊಂದು ಅಂಡಾಕಾರದ ಚರ್ಚನ್ನು, ಇದಕ್ಕಿಂತ ಎಷ್ಟೋ ಭವ್ಯವಾದದ್ದನ್ನು, ಎಬ್ಬಿಸುತ್ತಿದ್ದ.

ಪಶ್ಚಿಮದ ಕಿರಿದಾದ ಪ್ರೊಪಗಾಂಡ ಬೀದಿಯ ಕಡೆಗೆ ಬೊರೊಮಿನಿ ಕೊಟ್ಟ ಮುಖ ಬರೋಕ್ ವಾಸ್ತುವಿನ ಪಠ್ಯಗಳಲ್ಲಿ ಈಗ ತಪ್ಪದೆ ಬರುತ್ತದೆ. ನಮ್ಮ ಗುಡಿಗಳ ಶಿಲ್ಪವನ್ನು ವಿವರಿಸುವ ಮಾತುಗಳಲ್ಲೇ ಅದನ್ನು ಹೇಳಬಹುದು. ಗೋಡೆಯನ್ನು ಏಳು ಅಂಕಣಗಳಾಗಿ ಭಾಗಮಾಡಿ, ಅಂಕಣಗಳ ನಡುವೆ ನೆಲದಿಂದ ಕಪೋತದವರೆಗೆ ಒಂದೇ ಏರಿಕೆಯಲ್ಲಿ ಏಳುವ ದೈತ್ಯ ಅರೆಗಂಬಗಳನ್ನು ನಿಲ್ಲಿಸಿದ. ಅವುಗಳ ಬೋದಿಗೆಯಲ್ಲಿ ಎಲೆಯಿಲ್ಲ, ಹೂವಿಲ್ಲ, ಸುರುಳಿಯಿಲ್ಲ. ಉದ್ದುದ್ದನೆಯ ಕೆಲವು ಗೀರುಗಳು ಮಾತ್ರ. ರೋಮಿನ ಪದ್ಧತಿಯಂತೆ ಅದರ ಮೇಲೆ ಬರಬೇಕಿದ್ದ ಪಟ್ಟಿಕೆಯನ್ನೂ ಬಿಟ್ಟು, ಭಾರವಾದ ಚಾಚುಗಳ ಮೇಲೆ ಕಪೋತವನ್ನು ನೇರ ಹೊರಿಸಿದ. ನಡುವಿನ ಅಂಕಣ ಒಳಕ್ಕೆ ಬಾಗಿದೆ.

ಕಿಟಕಿಗಳಲ್ಲಿ ಅವನ ಆಟ ಇನ್ನೂ ಜೋರು. ಮೇಲಂತಸ್ತಿನ ಪ್ರತಿ ಕಿಟಕಿಗೂ ದೇವಕೋಷ್ಠದಂತೆ ಕಂಬ, ಮೇಲ್ಕಟ್ಟುಗಳ ಚೌಕಟ್ಟು ಇದೆ. ಆ ಚೌಕಟ್ಟುಗಳು ಗೋಡೆಯೊಳಕ್ಕೆ ಬಾಗುತ್ತವೆ. ಗೋಡೆಯೇ ಒಳಕ್ಕೆ ಬಾಗಿರುವ ನಡುವಿನ ಅಂಕಣದಲ್ಲಿ ಮಾತ್ರ ಕಿಟಕಿಯ ಚೌಕಟ್ಟು ಹೊರಕ್ಕೆ ಉಬ್ಬಿದೆ. ಬೀದಿ ಇಕ್ಕಟ್ಟಾದ್ದರಿಂದ ಹಿಂದೆ ಸರಿದು ನಿಂತು ಇಡೀ ಮುಖವನ್ನು ಒಂದೇ ನೋಟಕ್ಕೆ ಹಿಡಿಯಲಾಗದು. ಗೋಡೆಯ ಪಕ್ಕದಲ್ಲೇ ನಡೆಯುತ್ತ, ಕತ್ತೆತ್ತಿ, ಓರೆಯಾಗಿ ನೋಡಬೇಕು. ಹಾಗೆ ನೋಡುವಾಗ ಒಂದರ ಹಿಂದೊಂದು ಚೌಕಟ್ಟು ಸೊಟ್ಟಗಾಗಿ, ನೆರಳು ದಪ್ಪವಾಗಿ, ಗೋಡೆ ಉಸಿರಾಡಿದಂತಾಗುತ್ತದೆ. ಬೊರೊಮಿನಿ ಈ ಇಕ್ಕಟ್ಟನ್ನು ಅಳೆದೇ ಕೆಲಸಕ್ಕಿಳಿದಿದ್ದ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ನಿವೇಶನದ ದೋಷವನ್ನು ಮುಚ್ಚುವುದು ಬಿಟ್ಟು ಅದನ್ನೇ ದುಡಿಸಿಕೊಂಡ.

ಅದೇ ಗೋಡೆಯ ಒಳಗೆ ಮೂವರು ರಾಯರ ಹೊಸ ಗುಡಿ. 1660ರ ದಶಕದ ಮೊದಲ ಭಾಗದಲ್ಲಿ ಅದು ರೂಪುಗೊಂಡಿತು. ಉದ್ದ ಚೌಕದ ಒಂದೇ ಅಂಕಣ. ನಾಲ್ಕು ಮೂಲೆಗಳೂ ದುಂಡಗೆ. ಸುತ್ತ ನಿಂತ ಅರೆಗಂಬಗಳ ಗೆರೆ ಗೋಡೆಯ ತುದಿಯಲ್ಲಿ ನಿಲ್ಲುವುದಿಲ್ಲ. ಪಟ್ಟಿಯಾಗಿ ಬಾಗಿ, ಚಾವಣಿಯನ್ನು ಓರೆಯಾಗಿ ದಾಟಿ, ಎದುರು ಮೂಲೆಯ ಕಡೆಯ ಕಂಬಕ್ಕೆ ಇಳಿಯುತ್ತದೆ. ಹೀಗೆ ಹೋಗುವ ಪಟ್ಟಿಗಳು ಒಂದನ್ನೊಂದು ಹಾಯ್ದು ಬೆತ್ತದ ಹೆಣಿಗೆಯಂತೆ ಚಾವಣಿಯನ್ನು ತುಂಬಿವೆ. ಎಲ್ಲ ಬಿಳಿ ಗಾರೆ. ಬಣ್ಣದ ಅಮೃತಶಿಲೆ, ಚಿನ್ನದ ಲೇಪ, ಆಕಾಶದಲ್ಲಿ ತೇಲುವ ದೇವದೂತರ ಚಿತ್ರಗಳಿಗೆ ರೋಮ್ ಹೆಸರಾಗಿದ್ದ ಕಾಲ ಅದು. ಇಲ್ಲಿ ಅವು ಬೇಕೆನಿಸುವುದಿಲ್ಲ. ಕಟ್ಟಡದ ಎಲುಬುಗಳೇ ಕಣ್ಣಿಗೆ ಸಾಕಾಗುವಷ್ಟು ಕೆಲಸ ಕೊಡುತ್ತವೆ. ಬೆರ್ನಿನಿಯ ಗುಡಿಗೆಂದು ಜಿಮಿನ್ಯಾನಿ ಬರೆದ ಚಿತ್ರ ಮಾತ್ರ ಹೊಸ ಗುಡಿಯಲ್ಲೂ ಜಾಗ ಉಳಿಸಿಕೊಂಡಿತು.

ಈ ಕೆಲಸ ನಡೆಯುತ್ತಿದ್ದಾಗ ಒಳಗೆ ಪಾಠಗಳೇನೂ ನಿಂತಿರಲಿಲ್ಲ. 1657ರಿಂದ 1669ರವರೆಗೆ ಇಲ್ಲಿ ದೇವಶಾಸ್ತ್ರ ಕಲಿಸಿದವರು ಐರ್ಲೆಂಡಿನ ಒಲಿವರ್ ಪ್ಲಂಕೆಟ್. ತಾಯ್ನಾಡಿಗೆ ಅರ್ಮಾ ಮಹಾಧರ್ಮಾಧ್ಯಕ್ಷರಾಗಿ ಮರಳಿದ ಅವರನ್ನು 1681ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೆ ಕೊಟ್ಟರು. 1975ರಲ್ಲಿ ಅವರು ಸಂತರೆಂದು ಘೋಷಿತರಾದರು. ಉಳಿ ಸುತ್ತಿಗೆಯ ಸದ್ದಿನ ನಡುವೆಯೇ ಅವರ ತರಗತಿಗಳು ನಡೆದಿರಬೇಕು.

1659ರಲ್ಲಿ ಈ ಮನೆಯಿಂದ ಹೊರಬಿದ್ದ ಒಂದು ಸುತ್ತೋಲೆಯ ಮಾತನ್ನೂ ಇಲ್ಲಿ ಹೇಳಬೇಕು. ಚೀನ ಮತ್ತು ವಿಯೆಟ್ನಾಂ ಕಡೆಗೆ ಹೊರಟ ಧರ್ಮಾಧ್ಯಕ್ಷರಿಗೆ ಸಭೆ ಕೊಟ್ಟ ಸೂಚನೆ ಅದು. ಅಲ್ಲಿನ ಜನರ ನಡೆನುಡಿ, ಉಡುಗೆ, ಆಚಾರಗಳು ಧರ್ಮಕ್ಕೂ ನೀತಿಗೂ ಎದ್ದು ಕಾಣುವಂತೆ ವಿರುದ್ಧವಾಗಿಲ್ಲದಿದ್ದರೆ ಅವನ್ನು ಬದಲಿಸಲು ಹೋಗಬೇಡಿ, ಯುರೋಪನ್ನು ಅಲ್ಲಿಗೆ ಹೊತ್ತೊಯ್ಯಬೇಡಿ, ನಂಬಿಕೆಯನ್ನಷ್ಟೇ ಒಯ್ಯಿರಿ ಎಂಬುದು ಅದರ ಸಾರ. ಹದಿನೇಳನೆಯ ಶತಮಾನಕ್ಕೆ ಇದು ಬಹುದೂರ ಕಂಡ ಮಾತು. ನಡೆದದ್ದು ಎಲ್ಲ ಕಡೆಯೂ ಹಾಗೆಯೇ ಎಂದು ಹೇಳಲಾಗದು.

ವಿದ್ಯಾರ್ಥಿಗಳ ಪ್ರತಿಜ್ಞೆಯೂ ಈ ಕಾಲದಲ್ಲೇ, 1660ರಲ್ಲಿ, ಖಚಿತ ರೂಪ ಪಡೆಯಿತು. ಓದು ಮುಗಿದ ಮೇಲೆ ಸಭೆ ಹೇಳಿದ ನಾಡಿಗೆ ಹೋಗಿ ದುಡಿಯುತ್ತೇನೆ, ಅಪ್ಪಣೆಯಿಲ್ಲದೆ ಯಾವ ಸನ್ಯಾಸಿ ಸಂಘವನ್ನೂ ಸೇರುವುದಿಲ್ಲ, ತಪ್ಪದೆ ಕಾಗದ ಬರೆದು ನನ್ನ ಸಮಾಚಾರವನ್ನೂ ಅಲ್ಲಿನ ಧರ್ಮಸಭೆಯ ಸಮಾಚಾರವನ್ನೂ ತಿಳಿಸುತ್ತೇನೆ ಎಂದು ಪ್ರತಿಯೊಬ್ಬರೂ ಆಣೆಯಿಡಬೇಕಿತ್ತು. ಆ ಕಾಗದಗಳೂ ಶತಮಾನಗಳ ಕಾಲ ಕೂಡುತ್ತ ಹೋಗಿ ಪ್ರೊಪಗಾಂಡದ ಪತ್ರಾಗಾರವನ್ನು ಬೆಳೆಸಿದವು. ಏಷ್ಯ ಆಫ್ರಿಕಗಳ ಚರಿತ್ರೆ ಬರೆಯುವವರು ಇಂದಿಗೂ ಅದರ ಬಾಗಿಲು ತಟ್ಟುತ್ತಾರೆ.

1667ರ ಆಗಸ್ಟಿನಲ್ಲಿ, ಕಾಯಿಲೆ ಮತ್ತು ಮನಸ್ಸಿನ ಬೇಗೆಯಲ್ಲಿ ನರಳುತ್ತಿದ್ದ ಬೊರೊಮಿನಿ ತನ್ನ ಕತ್ತಿಯಿಂದಲೇ ತನ್ನನ್ನು ಇರಿದುಕೊಂಡು ಕೊನೆಯುಸಿರೆಳೆದ. ಅವನು ಕೈಹಾಕಿದ ಎಷ್ಟೋ ಕಟ್ಟಡಗಳು ಅರ್ಧಕ್ಕೆ ನಿಂತಿದ್ದವು. ಕಾಲೇಜಿನದು ಬಹುಮಟ್ಟಿಗೆ ಮುಗಿದಿತ್ತು.

1637–1684: ಬಿಜಾಪುರದ ಹೆಸರಿನಲ್ಲಿ ಒಬ್ಬ ಧರ್ಮಾಧ್ಯಕ್ಷ

ಕನ್ನಡ ಓದುಗರಿಗೆ ಈ ಚರಿತ್ರೆಯಲ್ಲಿ ಹತ್ತಿರದ ವ್ಯಕ್ತಿ ಮತೇವುಸ್ ದೆ ಕಾಸ್ತ್ರೊ. ಗೋವಾದ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನದವರು. ಊರಿನಲ್ಲಿ ಗುರುದೀಕ್ಷೆಗೆ ದಾರಿ ಕಾಣದೆ ಬಹುದೂರದ ಪಯಣ ಕೈಗೊಂಡು 1625ರಲ್ಲಿ ರೋಮ್ ಸೇರಿದರು. ಇಂಗೊಲಿ ಅವರಿಗೆ ತಾನು ಕಾಗದದ ಮೇಲೆ ಬರೆದದ್ದೇ ಎದ್ದು ಎದುರಿಗೆ ನಿಂತಂತಾಗಿರಬೇಕು. ಪ್ರೊಪಗಾಂಡದ ಆಸರೆಯಲ್ಲಿ ಓದಿ, ಗುರುವಾಗಿ, 1637ರಲ್ಲಿ ಕಾಸ್ತ್ರೊ ಧರ್ಮಾಧ್ಯಕ್ಷರಾದರು. ಅವರಿಗೆ ಒಪ್ಪಿಸಿದ ಸೀಮೆ ರೋಮಿನ ದಾಖಲೆಗಳಲ್ಲಿ ಇದಲ್ಕಾನ್. ಅಂದರೆ ಆದಿಲ್ ಖಾನನ ನಾಡು, ನಮ್ಮ ಬಿಜಾಪುರ. ಲ್ಯಾಟಿನ್ ಪದ್ಧತಿಯಲ್ಲಿ ಭಾರತೀಯರೊಬ್ಬರು ಧರ್ಮಾಧ್ಯಕ್ಷರಾದದ್ದು ಅದೇ ಮೊದಲು. ಆಗ ಬಿಜಾಪುರದ ಗದ್ದುಗೆಯ ಮೇಲಿದ್ದವನು ಮುಹಮ್ಮದ್ ಆದಿಲ್ ಷಾ. ಸ್ಪೇನ್ ಚೌಕದಲ್ಲಿ ಕಾಲೇಜಿನ ಗೋಡೆಗಳು ಏಳುತ್ತಿದ್ದ ದಶಕಗಳಲ್ಲೇ ಬಿಜಾಪುರದಲ್ಲಿ ಅವನ ಗೋಳಗುಮ್ಮಟವೂ ಏಳುತ್ತಿತ್ತು.

ಕಾಸ್ತ್ರೊ ಅವರ ಬಾಳು ಸುಗಮವಾಗಿರಲಿಲ್ಲ. ಪೋರ್ಚುಗೀಸ್ ದೊರೆಯ ಹಕ್ಕು ಮತ್ತು ರೋಮಿನ ನೇರ ಅಧಿಕಾರ ಇವೆರಡರ ನಡುವೆ ಅವರು ಸಿಕ್ಕಿಬಿದ್ದರು. ಎರಡೂ ಕಡೆ ಮಾತು ಬಿಸಿಯಾಯಿತು, ಅವರ ಸ್ವಭಾವವೂ ತಾಳ್ಮೆಯದಾಗಿರಲಿಲ್ಲ. ಕೊನೆಗಾಲವನ್ನು ಅವರು ರೋಮಿನಲ್ಲಿ ಕಳೆದರು. ಆದರೂ ದಾರಿಯಂತೂ ತೆರೆದಿತ್ತು. ಅವರ ಬಂಧು, ಥಿಯಟೈನ್ ಸಂಘದ ತೋಮಸ್ ದೆ ಕಾಸ್ತ್ರೊ, ಇದೇ ಪ್ರೊಪಗಾಂಡದ ನೇಮಕ ಪಡೆದು ಕರಾವಳಿಗೆ ಬಂದರು. ಮಂಗಳೂರಿನ ಮಿಲಾಗ್ರಿಸ್ ಚರ್ಚನ್ನು 1680ರಲ್ಲಿ ಕಟ್ಟಿಸಿದವರು ಅವರೇ. ಅದಕ್ಕೆ ಜಾಗ ಕೊಟ್ಟವರು ಕೆಳದಿಯ ರಾಣಿ ಚೆನ್ನಮ್ಮಾಜಿ ಎಂದು ಮಂಗಳೂರಿನವರು ಹೇಳಿಕೊಂಡು ಬಂದಿದ್ದಾರೆ. 1684ರಲ್ಲಿ ತೀರಿಕೊಂಡ ತೋಮಸ್ ಅವರ ಸಮಾಧಿ ಇರುವುದೂ ಅಲ್ಲೇ. ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವವರ ಬೆನ್ನಹಿಂದೆ ಪ್ರೊಪಗಾಂಡ ಚರಿತ್ರೆಯ ಒಂದು ಪುಟ ಇದೆ ಎಂದರೆ ನಂಬುವವರು ಕಡಿಮೆ.

1626–1798: ಅಚ್ಚಿನ ಮನೆ

ಕಾಲೇಜಿಗಿಂತ ಒಂದು ವರ್ಷ ಮೊದಲೇ, 1626ರಲ್ಲಿ, ಸಭೆ ಬಹುಭಾಷಾ ಮುದ್ರಣಾಲಯವೊಂದನ್ನು ತೆರೆದಿತ್ತು. ಊರಿಗೆ ಮರಳುವ ಗುರುಗಳಿಗೆ ಅವರವರ ನುಡಿಯಲ್ಲೇ ಪುಸ್ತಕ ಬೇಕು. ಯುರೋಪಿನ ಹೆಚ್ಚಿನ ಮುದ್ರಕರು ಆ ಲಿಪಿಗಳ ಮೊಳೆ ಎರಕ ಹೊಯ್ಯುವ ಗೋಜಿಗೆ ಹೋಗುತ್ತಿರಲಿಲ್ಲ. 1629ರಲ್ಲಿ ಇಲ್ಲಿಂದ ಹೊರಬಂದ ಜಾರ್ಜಿಯನ್–ಇಟಾಲಿಯನ್ ನಿಘಂಟು ಜಾರ್ಜಿಯನ್ ಲಿಪಿಯ ಮೊತ್ತಮೊದಲ ಅಚ್ಚಿನ ಪುಸ್ತಕಗಳಲ್ಲೊಂದು. 1651ರಲ್ಲಿ ಅಲೆಕ್ಸಾಂದ್ರ್ ದ ರೋದ್ ಅವರ ವಿಯೆಟ್ನಾಮಿ ನಿಘಂಟು ಬಂತು. ಆ ಜನ ಇಂದು ಬರೆಯುವ ಲಿಪಿಯ ಬೇರು ಅದರಲ್ಲಿದೆ. 1762ರಲ್ಲಿ ಟಿಬೆಟ್ಟಿನ ಅಕ್ಷರಮಾಲೆಯ ಮೇಲೊಂದು ದಪ್ಪ ಹೊತ್ತಗೆ, 1771ರಲ್ಲಿ ನಾಗರಿ ಅಕ್ಷರಗಳ ಮೇಲೊಂದು. 1772ರ ‘ಸಂಕ್ಷೇಪವೇದಾರ್ಥಂ’ ಮಲಯಾಳದ ಮೊದಲ ಅಚ್ಚಿನ ಪುಸ್ತಕ. ಕೇರಳದಿಂದ ಇಷ್ಟು ದೂರ, ರೋಮಿನ ಈ ಮನೆಯಲ್ಲಿ ಅಚ್ಚಾಯಿತು. ಮಲಬಾರಿನಲ್ಲಿ ಹಲವು ವರ್ಷ ದುಡಿದು ಮರಳಿದ ಕಾರ್ಮೆಲ್ ಸಂಘದ ಪೌಲಿನುಸ್ ಅವರ ಸಂಸ್ಕೃತ ವ್ಯಾಕರಣ 1790ರಲ್ಲಿ ಇಲ್ಲೇ ಬೆಳಕು ಕಂಡಿತು. ಯುರೋಪಿನಲ್ಲಿ ಅಚ್ಚಾದ ಮೊದಲ ಸಂಸ್ಕೃತ ವ್ಯಾಕರಣ ಅದು.

ಮುಂದೆ ತನ್ನ ಹೆಸರಿನ ಅಕ್ಷರಗಳಿಂದ ಲೋಕಪ್ರಸಿದ್ಧನಾದ ಜಾಂಬತ್ತಿಸ್ತ ಬೊದೋನಿ ಹರೆಯದಲ್ಲಿ ದುಡಿದದ್ದೂ ಈ ಮುದ್ರಣಾಲಯದಲ್ಲೇ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಸಭೆಯ ಕಾರ್ಯದರ್ಶಿಯಾಗಿದ್ದ ಸ್ತೆಫಾನೊ ಬೋರ್ಜಿಯ ಅವರು ಹೊರನಾಡಿನ ಗುರುಗಳಿಂದ ಹಸ್ತಪ್ರತಿ, ನಾಣ್ಯ, ವಿಗ್ರಹಗಳನ್ನು ತರಿಸಿ ದೊಡ್ಡ ಸಂಗ್ರಹ ಕಟ್ಟಿದರು. ಪೌಲಿನುಸ್ ಅವರಂಥ ವಿದ್ವಾಂಸರಿಗೆ ಆಸರೆಯಾದವರೂ ಅವರೇ.

1798–1884: ಬಿರುಗಾಳಿಯ ವರ್ಷಗಳು

1798ರಲ್ಲಿ ಫ್ರೆಂಚ್ ಸೇನೆ ರೋಮಿಗೆ ನುಗ್ಗಿತು. ಕಾಲೇಜು ಮುಚ್ಚಿತು, ವಿದ್ಯಾರ್ಥಿಗಳು ಚದುರಿಹೋದರು. ಮುದ್ರಣಾಲಯದ ಅರಬ್ಬಿ ಮೊಳೆಗಳನ್ನು ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಗೆಂದು ಎತ್ತಿಕೊಂಡು ಹೋದರು. ಶುಭಸಂದೇಶಕ್ಕೆಂದು ಎರಕ ಹೊಯ್ದ ಅಕ್ಷರಗಳಲ್ಲಿ ದಂಡನಾಯಕನ ಪ್ರಕಟಣೆಗಳು ಅಚ್ಚಾದವು. ಬೋರ್ಜಿಯ ಗಡೀಪಾರಾದರೂ ಪಾದುವದಲ್ಲಿ ಕೂತು ಪತ್ರವ್ಯವಹಾರದ ಮೂಲಕವೇ ಸಭೆಯ ಕೆಲಸ ನಿಲ್ಲದಂತೆ ನೋಡಿಕೊಂಡರು. ಕಾಲೇಜು ಮತ್ತೆ ಸರಿಯಾಗಿ ಬಾಗಿಲು ತೆರೆದದ್ದು 1817ರಲ್ಲಿ. 1836ರಿಂದ 1848ರವರೆಗೆ ಅದನ್ನು ನಡೆಸಿದವರು ಯೇಸುಸಭೆಯವರು.

ಆ ಕಾಲದಲ್ಲಿ ಊರಿನವರು ಕಾಯುತ್ತಿದ್ದದ್ದು ಮೂವರು ರಾಯರ ಹಬ್ಬದ ಭಾಷಾಗೋಷ್ಠಿಯನ್ನು. ಕಾಲೇಜಿನ ಹುಡುಗರು ಒಬ್ಬೊಬ್ಬರೂ ತಮ್ಮ ತಮ್ಮ ನುಡಿಯಲ್ಲಿ ಪದ್ಯ ಓದುತ್ತಿದ್ದರು. ರೋಮಿಗೆ ಬಂದ ಪರದೇಶಿ ಪ್ರವಾಸಿಗರು ಇದಕ್ಕೆ ಸೀಟು ಹಿಡಿಯಲು ಮುಗಿಬೀಳುತ್ತಿದ್ದರು. ಹತ್ತಾರು ಭಾಷೆಗಳನ್ನು ನೀರು ಕುಡಿದಂತೆ ಆಡುತ್ತಿದ್ದ ಕಾರ್ಡಿನಲ್ ಮೆಜೊಫಾಂತಿ ಈ ಹುಡುಗರ ನಡುವೆ ಓಡಾಡಿ ಅವರವರ ಮಾತಿನಲ್ಲೇ ಹರಟುತ್ತಿದ್ದರು.

1846ರ ಕೊನೆಯಲ್ಲಿ ಒಬ್ಬ ವಿಚಿತ್ರ ವಿದ್ಯಾರ್ಥಿ ಸೇರಿದ. ವಯಸ್ಸು ನಲವತ್ತೈದು, ಆಕ್ಸ್‌ಫರ್ಡಿನ ಹೆಸರಾಂತ ವಿದ್ವಾಂಸ, ಇಂಗ್ಲೆಂಡಿನ ಆಂಗ್ಲಿಕನ್ ಸಭೆಯನ್ನು ಬಿಟ್ಟು ಬಂದ ಜಾನ್ ಹೆನ್ರಿ ನ್ಯೂಮನ್. ಎಳೆಯ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಪಾಠ ಕೇಳಿದರು. 1847ರ ಮೇ 30ರಂದು ಕಾರ್ಡಿನಲ್ ಫ್ರಾನ್ಸೊನಿ ಅವರಿಂದ ಬೊರೊಮಿನಿಯ ಗುಡಿಯಲ್ಲೇ ಗುರುದೀಕ್ಷೆ ಪಡೆದರು. 2019ರಲ್ಲಿ ಅವರನ್ನು ಸಂತರೆಂದು ಘೋಷಿಸಿದ ಪೂಜೆಯಲ್ಲೇ ಕೇರಳದ ಮರಿಯಂ ಥ್ರೇಸ್ಯಾ ಅವರಿಗೂ ಆ ಗೌರವ ಸಂದಿತು.

ಇಷ್ಟಾದರೂ ಮೂಲ ಉದ್ದೇಶದ ಮಟ್ಟಿಗೆ ನಡಿಗೆ ನಿಧಾನವಾಗಿತ್ತು. 1845ರ ನವೆಂಬರಿನಲ್ಲಿ ಸಭೆ ಮತ್ತೊಂದು ಸುತ್ತೋಲೆ ಹೊರಡಿಸಿ ಸ್ಥಳೀಯ ಗುರುಗಳನ್ನು ತಯಾರುಮಾಡಿರಿ, ಗುರುಮಠಗಳನ್ನು ತೆರೆಯಿರಿ, ಅವರನ್ನು ಬರಿಯ ಸಹಾಯಕರಾಗಿ ಇಟ್ಟುಕೊಳ್ಳಬೇಡಿರಿ ಎಂದು ಹೇಳಬೇಕಾಯಿತು. ಇಂಗೊಲಿ ಬರೆದ ಮಾತನ್ನು ಇನ್ನೂರು ವರ್ಷಗಳ ಮೇಲೆ ಮತ್ತೆ ಬರೆಯಬೇಕಾಯಿತೆಂದರೆ ನಡುವೆ ಎಷ್ಟು ನಡೆದಿರಲಿಲ್ಲ ಎಂಬುದು ತಿಳಿಯುತ್ತದೆ. ಅದೇ ವರ್ಷ ಮಂಗಳೂರು ಕೇರಳದ ವೆರಾಪೊಲಿಯಿಂದ ಬೇರೆಯಾಗಿ ತನ್ನದೇ ಆಡಳಿತ ಪಡೆಯಿತು. ಮುಂದೆ ಯೇಸುಸಭೆಯವರು ಬಂದು, 1879ರಲ್ಲಿ ಗುರುಮಠ, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾದವು.

ರೋಮಿನಲ್ಲಿ ಇನ್ನೊಂದು ಪರೀಕ್ಷೆ ಕಾದಿತ್ತು. ನಗರ ಇಟಲಿ ಸರ್ಕಾರದ ಕೈಸೇರಿದ ಮೇಲೆ, 1884ರಲ್ಲಿ, ನ್ಯಾಯಾಲಯದ ತೀರ್ಪಿನಂತೆ ಸಭೆಯ ಸ್ಥಿರಾಸ್ತಿಗಳನ್ನು ಸರ್ಕಾರಿ ಸಾಲಪತ್ರಗಳಾಗಿ ಬದಲಿಸಬೇಕಾಗಿ ಬಂತು. ಅರಮನೆ ಉಳಿಯಿತು.

1919–1931: ಗುಡ್ಡ ಹತ್ತಿದ ಕಾಲೇಜು

ಮೊದಲ ಮಹಾಯುದ್ಧ ಮುಗಿದ ಮೇಲೆ ಕೆಲಸ ಚುರುಕಾಯಿತು. 1919ರಲ್ಲಿ ಪೋಪ್ ಹದಿನೈದನೆಯ ಬೆನೆಡಿಕ್ಟ್, 1926ರಲ್ಲಿ ಪೋಪ್ ಹನ್ನೊಂದನೆಯ ಪಿಯುಸ್ ತಮ್ಮ ಪತ್ರಗಳಲ್ಲಿ ಸ್ಥಳೀಯ ಗುರುವರ್ಗದ ವಿಷಯವನ್ನು ನೇರವಾಗಿ ಎತ್ತಿಕೊಂಡರು. ಪ್ರೊಪಗಾಂಡದ ಮುಖ್ಯಸ್ಥರಾಗಿದ್ದ ಡಚ್ ಕಾರ್ಡಿನಲ್ ವಾನ್ ರೊಸ್ಸುಮ್ ಅದರ ಬೆನ್ನಿಗೆ ನಿಂತರು. 1923ರಲ್ಲಿ ತೂತುಕುಡಿಗೆ ಧರ್ಮಾಧ್ಯಕ್ಷರಾಗಿ ಭಾರತೀಯರೇ ಆದ ತಿಬುರ್ತಿಯುಸ್ ರೋಚ್ ಬಂದರು. 1926ರ ಅಕ್ಟೋಬರ್ 28ರಂದು ಆರು ಮಂದಿ ಚೀನೀಯರಿಗೆ ಪೋಪರೇ ಸಂತ ಪೇತ್ರರ ದೇವಾಲಯದಲ್ಲಿ ಧರ್ಮಾಧ್ಯಕ್ಷ ದೀಕ್ಷೆ ಕೊಟ್ಟರು. 1928ರಲ್ಲಿ ಮಂಗಳೂರಿಗೂ ತನ್ನ ನೆಲದ ಧರ್ಮಾಧ್ಯಕ್ಷರು ಸಿಕ್ಕರು, ವಲೇರಿಯನ್ ಡಿಸೋಜ. ಮತೇವುಸ್ ಕಾಸ್ತ್ರೊ ಅವರ ನೇಮಕಕ್ಕೂ ಇದಕ್ಕೂ ನಡುವೆ 291 ವರ್ಷ.

ವಿದ್ಯಾರ್ಥಿಗಳ ಸಂಖ್ಯೆ ಏರಿದಂತೆ ಅರಮನೆ ಇಕ್ಕಟ್ಟಾಯಿತು. ಸುತ್ತ ಅಂಗಡಿಬೀದಿ, ಬೆಳೆಯಲು ಒಂದಡಿ ಜಾಗವಿಲ್ಲ. 1926ರಲ್ಲಿ ಕಾಲೇಜು ಸಂತ ಪೇತ್ರರ ದೇವಾಲಯಕ್ಕೆ ಹತ್ತಿರದ ಜಾನಿಕೊಲೊ ಗುಡ್ಡಕ್ಕೆ ಹೋಯಿತು. ಹೊಸ ಕಟ್ಟಡಗಳನ್ನು ಹನ್ನೊಂದನೆಯ ಪಿಯುಸ್ 1931ರ ಏಪ್ರಿಲ್ 24ರಂದು ಉದ್ಘಾಟಿಸಿದರು. ಗಾಳಿ ಬೆಳಕು, ಆಟದ ಬಯಲು, ದೊಡ್ಡ ಸಭಾಂಗಣ ಎಲ್ಲ ಅಲ್ಲಿವೆ. ವಾಸ್ತುವಿನ ದೃಷ್ಟಿಯಿಂದ ಅದನ್ನು ಸ್ಪೇನ್ ಚೌಕದ ಕಟ್ಟಡದ ಪಕ್ಕ ಇಟ್ಟು ನೋಡುವುದು ನ್ಯಾಯವಲ್ಲ. ಅಲ್ಲಿ ಓದಿದ ಗುರುಗಳಿಗೆ ಮಾತ್ರ ನೆನಪೆಲ್ಲ ಗುಡ್ಡದ್ದೇ.

1931ರಿಂದ ಇಂದಿನವರೆಗೆ

1962ರಲ್ಲಿ ಪೋಪ್ ಇಪ್ಪತ್ತಮೂರನೆಯ ಯೊವಾನ್ನರು ಕಾಲೇಜಿನ ವಿದ್ಯಾಪೀಠಕ್ಕೆ ವಿಶ್ವವಿದ್ಯಾಲಯದ ಪದವಿ ಕೊಟ್ಟರು. ಕರ್ನಾಟಕದ ಧರ್ಮಪ್ರಾಂತ್ಯಗಳ ಗುರುಗಳೂ ಧರ್ಮಭಗಿನಿಯರೂ ದೇವಶಾಸ್ತ್ರ, ಧರ್ಮಸಭೆಯ ಕಾನೂನು, ತತ್ತ್ವಶಾಸ್ತ್ರಗಳ ಉನ್ನತ ವ್ಯಾಸಂಗಕ್ಕೆ ಅಲ್ಲಿಗೆ ಹೋಗಿಬರುತ್ತಿದ್ದಾರೆ. ನಮ್ಮ ಗುರುಮಠಗಳಲ್ಲಿ ಪಾಠ ಹೇಳುವವರಲ್ಲಿ ಅಲ್ಲಿ ಓದಿ ಬಂದವರಿದ್ದಾರೆ.

ಹಳೆಯ ಅರಮನೆ ಕಚೇರಿಯಾಗಿ ಉಳಿಯಿತು. 1929ರ ಲ್ಯಾಟರನ್ ಒಪ್ಪಂದ ಅದಕ್ಕೆ ವಿಶೇಷ ರಕ್ಷಣೆ ಕೊಟ್ಟಿದೆ. ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲೂ ಅದು ಸೇರಿದೆ. ಅದರ ಮುಂದೆ 1857ರಲ್ಲಿ ಅನಾವರಣಗೊಂಡ ನಿಷ್ಕಳಂಕ ಮಾತೆಯ ಸ್ತಂಭವಿದೆ. ಪ್ರತಿವರ್ಷ ಡಿಸೆಂಬರ್ 8ರಂದು ಬೆಳಿಗ್ಗೆ ಅಗ್ನಿಶಾಮಕ ದಳದವರು ಏಣಿ ಹತ್ತಿ ಮಾತೆಯ ಕೈಗೆ ಹೂಮಾಲೆ ತೊಡಿಸುತ್ತಾರೆ, ಮಧ್ಯಾಹ್ನದ ಮೇಲೆ ಪೋಪರು ಬಂದು ಪ್ರಾರ್ಥಿಸುತ್ತಾರೆ. 2010ರಲ್ಲಿ ಅರಮನೆಯ ಒಂದು ಭಾಗ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು. ರೋಮಿಗೆ ಹೋಗುವ ಯಾತ್ರಿಕರು ಚೌಕದ ಕಡೆಯ ಬೆರ್ನಿನಿಯ ಮುಖವನ್ನಷ್ಟೇ ಕಂಡು ಫೋಟೊ ತೆಗೆದು ಹೊರಡುತ್ತಾರೆ. ಕಟ್ಟಡಕ್ಕೆ ಎದುರಾಗಿ ನಿಂತಾಗ ಬಲಗಡೆಯದು ಪ್ರೊಪಗಾಂಡ ಬೀದಿ. ಅಲ್ಲಿ ಬೊರೊಮಿನಿಯ ಗೋಡೆಯುದ್ದಕ್ಕೂ ನಡೆದು, ಸಾಧ್ಯವಾದರೆ ಒಳಗಿನ ಗುಡಿಯನ್ನೂ ನೋಡಿ ಬನ್ನಿ.

ಸಭೆಯ ಹೆಸರು 1967ರಲ್ಲಿ ಬದಲಾಯಿತು, 2022ರಲ್ಲಿ ಮತ್ತೆ ಬದಲಾಯಿತು; ಈಗ ಅದು ಸುವಾರ್ತಾಪ್ರಸಾರದ ಇಲಾಖೆ, ಅದರ ಮುಖ್ಯಸ್ಥರು ಸ್ವತಃ ಪೋಪರೇ. ಕೆಲಸ ಹೆಚ್ಚು ಬದಲಾಗಿಲ್ಲ. ಭಾರತದ ಲ್ಯಾಟಿನ್ ಪದ್ಧತಿಯ ಧರ್ಮಪ್ರಾಂತ್ಯಗಳು ಇಂದಿಗೂ ಈ ಇಲಾಖೆಯ ವ್ಯಾಪ್ತಿಯಲ್ಲೇ ಇವೆ. ಮಂಗಳೂರಿಗಾಗಲಿ ಮೈಸೂರಿಗಾಗಲಿ ಹೊಸ ಧರ್ಮಾಧ್ಯಕ್ಷರು ಬೇಕಾದಾಗ ದೆಹಲಿಯ ರಾಯಭಾರ ಕಚೇರಿಯಿಂದ ಹೊರಟ ಕಡತ ಸ್ಪೇನ್ ಚೌಕದ ಈ ಇಲಾಖೆಯ ಮೇಜುಗಳನ್ನು ದಾಟಿಯೇ ಪೋಪರ ಸಹಿಗೆ ಹೋಗುತ್ತದೆ.